ಒಣಹವೆ ಮೇಷ್ಟ್ರು

ನಮ್ಮ ಕರಾವಳಿಯಲ್ಲಿ ಮೇ ತಿಂಗಳು ಬಂತೆಂದರೆ ಉಪ್ಪಿನ ಡಬ್ಬಿಯಲ್ಲಿ ನೀರು ನಿಲ್ಲುತ್ತದೆ. ಬೆಂಕಿಕಡ್ಡಿ ಗೀರಿದರೆ ಮದ್ದು ಉದುರಿ ಕಡ್ಡಿ ಮಾತ್ರ ಕೈಯಲ್ಲಿ ಉಳಿಯುತ್ತದೆ. ಆಕ್ಸಿಮ್‌ನಿಂದ ಹಾಫ್ ಅಸ್ಸಿನಿಯವರೆಗೂ ಇದೇ ಪಾಡು. ಘಾನಾದ ಬೇರೆ ಯಾವ ಮೂಲೆಯಲ್ಲೂ ಇಷ್ಟು ಮಳೆ ಹುಯ್ಯುವುದಿಲ್ಲ. ಶಾಲೆಯಲ್ಲಿ ನಾನು ಭೂಗೋಳದ ಮೇಷ್ಟ್ರಾಗಿದ್ದೆ, ಮಳೆಮಾಪಕ ಖಾಲಿ ಮಾಡುವ ಕೆಲಸ ನನ್ನದೇ ಆಗಿತ್ತು, ಹಾಗಾಗಿ ಧೈರ್ಯವಾಗಿ ಹೇಳುತ್ತಿದ್ದೇನೆ. ಎರಡನೇ ವರ್ಷದ ಮಕ್ಕಳಿಗೆ ಸ್ಥಾಯಿ ವಿದ್ಯುತ್ತಿನ ಪಾಠ ಬರುತ್ತಿದ್ದದ್ದು ಸರಿಯಾಗಿ ಈ ತಿಂಗಳಲ್ಲಿ.

ಆ ಪಾಠ ಮಾಡುತ್ತಿದ್ದವನು ಎಜೋವಾ. ಎತ್ತರದ ಆಳು, ಸ್ವಲ್ಪ ಬಾಗಿದ ಬೆನ್ನು, ಸದಾ ತಿಳಿನೀಲಿ ಟೆರಿಲಿನ್ ಅಂಗಿ. ಕಾಯಿಲೆಯ ತಾಯಿಯನ್ನು ನೋಡಿಕೊಳ್ಳುತ್ತ ಮದುವೆಯ ವಯಸ್ಸು ಕಳೆದಿತ್ತು, ಆಕೆ ತೀರಿಕೊಂಡ ಮೇಲೆ ಒಬ್ಬನೇ ಇದ್ದ. ಅವನ ತರಗತಿಗೂ ನನ್ನ ತರಗತಿಗೂ ನಡುವೆ ಇದ್ದದ್ದು ಚಾವಣಿ ಮುಟ್ಟದ ಒಂದು ಗೋಡೆ. ಆದ್ದರಿಂದ ಅವನ ಪಾಠ ನನಗೂ ಬಾಯಿಪಾಠವಾಗಿತ್ತು. ಕಪ್ಪು ಎಬೊನೈಟ್ ಕೋಲನ್ನು ಉಣ್ಣೆಬಟ್ಟೆಗೆ ಗಸಗಸ ಉಜ್ಜುವ ಸದ್ದು. ಕಾಗದದ ಚೂರುಗಳ ಮೇಲೆ ಕೋಲು ಹಿಡಿದಾಗಿನ ಮೌನ. ಆಮೇಲೆ ಅವನ ದನಿ: "ಏನೂ ಆಗಲಿಲ್ಲ. ಒಣಹವೆ ಇದ್ದಿದ್ದರೆ ಈ ಚೂರುಗಳು ಹಾರಿ ಬಂದು ಕೋಲಿಗೆ ಅಂಟಿಕೊಳ್ಳುತ್ತಿದ್ದವು. ಬರ್ಕೊಳ್ಳಿ." ಮಕ್ಕಳು ಬರೆದುಕೊಳ್ಳುತ್ತಿದ್ದರು. ಒಣಹವೆ ಇದ್ದಿದ್ದರೆ ಜಾಡಿಯೊಳಗಿನ ಬೇಗಡೆ ಹಾಳೆ ಬಿಚ್ಚಿಕೊಳ್ಳುತ್ತಿತ್ತು. ಒಣಹವೆ ಇದ್ದಿದ್ದರೆ ಗಾಜಿನ ಕೋಲು ಇದನ್ನು ಎಳೆಯುತ್ತಿತ್ತು, ಅದನ್ನು ತಳ್ಳುತ್ತಿತ್ತು. ಊರಿಡೀ ಅವನಿಗೆ 'ಒಣಹವೆ ಮೇಷ್ಟ್ರು' ಎಂದು ಹೆಸರು ಬಿದ್ದಿತ್ತು. ಅಂಗಡಿಯವಳು ಕೂಡ, "ಒಣಹವೆ ಇದ್ದಿದ್ರೆ ಸಕ್ಕರೆ ಕೊಡ್ತಿದ್ದೆ ಮೇಷ್ಟ್ರೇ, ಈಗ ಪಾನಕ ಆಗಿದೆ" ಎನ್ನುತ್ತಿದ್ದಳು. ಅವನು ನಗುತ್ತಿದ್ದ.

ಲೆಕ್ಕದಲ್ಲಿ ಮಾತ್ರ ಅವನನ್ನು ಮೀರಿಸುವವರಿರಲಿಲ್ಲ. ಎರಡು ವಿದ್ಯುತ್ ಆವೇಶಗಳ ನಡುವಿನ ದೂರ ಇಷ್ಟಾದರೆ ಬಲ ಎಷ್ಟು, ಕ್ಷೇತ್ರದ ಗೆರೆಗಳು ಎಲ್ಲಿ ಹುಟ್ಟಿ ಎಲ್ಲಿ ಮುಗಿಯುತ್ತವೆ, ಎಲ್ಲವನ್ನೂ ಹಲಗೆಯ ಮೇಲೆ ಅಂದವಾಗಿ ಬರೆಯುತ್ತಿದ್ದ. ಹಿಂದಿನ ಬೆಂಚಿನವರು ಮಾತ್ರ, "ಆವೇಶ ಬರೋದು ನಮ್ಮ ಊರ ಪೂಜಾರಿಣಿಗೆ, ಸಾರ್ ಕೋಲಿಗಲ್ಲ" ಎಂದು ಕಿಸಕ್ಕೆನ್ನುತ್ತಿದ್ದರು.

ಒಂದು ವರ್ಷ ಯಾಬಾ ಎಂಬ ಹುಡುಗಿ ಎದ್ದು ನಿಂತಳು. ಅವಳ ತಾಯಿ ಅಫೀಬಾ ಕಡಲದಂಡೆಯಲ್ಲಿ ಬೂತಾಯಿ ಮೀನಿಗೆ ಹೊಗೆ ಹಾಕಿ ಮಾರುವವಳು.

"ಸಾರ್, ಒಂದ್ ಕೇಳ್ಲಾ?"

"ಕೇಳು ಯಾಬಾ."

"ಈ ಎಳೆಯೋದು, ತಳ್ಳೋದು, ಬೇಗಡೆ ಬಿಚ್ಕೊಳ್ಳೋದು, ಇದೆಲ್ಲ ನೀವು ಕಣ್ಣಾರೆ ನೋಡಿದ್ದೀರಾ?"

ಗೋಡೆಯ ಈಚೆ ನಾನೂ ಸೀಮೆಸುಣ್ಣ ನಿಲ್ಲಿಸಿದೆ. ಹೌದು ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಎಜೋವಾ ಹೇಳಿದ: "ಇಲ್ಲಮ್ಮ. ನಾನೂ ನೋಡಿಲ್ಲ."

"ಹಾಗಾದ್ರೆ ಪಾದ್ರಿಗಳು ಸ್ವರ್ಗದ ವಿಷಯ ಹೇಳ್ದಂಗೇ ಆಯ್ತಲ್ಲ ಸಾರ್. ಅವರಾದ್ರೂ ನಡುವೆ ಒಂದ್ ಹಾಡು ಹಾಡಿಸ್ತಾರೆ!"

ತರಗತಿ ಹೋ ಎಂದಿತು. ವರಾಂಡದಲ್ಲಿ ಹೋಗುತ್ತಿದ್ದ ಹೆಡ್‌ಮಾಸ್ಟರ ಕಿವಿಗೂ ಅದು ಬಿತ್ತು. ಅವರು ಯಾಬಾಳನ್ನು ಕರೆದು, ಮೇಷ್ಟ್ರಿಗೆ ಎದುರಾಡಿದ್ದಕ್ಕೆ ಅಂಗಳದ ಹುಲ್ಲು ಕತ್ತರಿಸುವ ಶಿಕ್ಷೆ ಕೊಟ್ಟರು. ಎಜೋವಾನಿಗೆ ಅದು ಗೊತ್ತಾಗಲಿಲ್ಲ. ಅವನು ಆ ಸಂಜೆ ನನ್ನ ಮನೆಯ ಜಗಲಿಯಲ್ಲಿ ಕೂತಿದ್ದ.

"ನ್ಯಾಮೆಕೆ, ಆ ಹುಡುಗಿ ಹೇಳಿದ್ದರಲ್ಲಿ ತಪ್ಪೇನಿದೆ? ನಾನು ಓದಿದ್ದು ಇದೇ ಶಾಲೆಯಲ್ಲಿ, ಇದೇ ಮಳೆಯಲ್ಲಿ. ನಮ್ಮ ಮೇಷ್ಟ್ರೂ ಇದೇ ಮಾತು ಬರೆಸಿದ್ರು. ಕಾಲೇಜಿನಲ್ಲಿ ದೊಡ್ಡ ಯಂತ್ರ ಒಂದಿತ್ತು, ನಾನು ಹೋದ ವರ್ಷ ಅದರ ಪಟ್ಟಿ ಹರಿದಿತ್ತು. ಪುಸ್ತಕದ ಚಿತ್ರ ನೋಡಿ ಪಾಸಾದೆ, ಪುಸ್ತಕದ ಚಿತ್ರ ತೋರಿಸಿ ಸಂಬಳ ತಗೊಳ್ತಿದ್ದೀನಿ."

"ಭೂಮಿ ತಿರುಗೋದನ್ನ ನಾನು ನೋಡಿದ್ದೀನಾ? ಪಾಠ ಮಾಡಲ್ವಾ?" ಎಂದೆ.

"ಸೂರ್ಯ ಹುಟ್ಟೋದನ್ನಾದ್ರೂ ತೋರಿಸ್ತೀಯಲ್ಲ" ಎಂದು ಎದ್ದು ಹೋದ.

ಮರುದಿನ ಮಧ್ಯಾಹ್ನ ಅಫೀಬಾ ಬಂದಳು. ಮಳೆ ಹುಯ್ಯುತ್ತಿತ್ತು. ಮೀನಿನ ಬೋಗುಣಿಯನ್ನು ಕೊಡೆಯ ಹಾಗೆ ತಲೆಯ ಮೇಲೆ ಬೋರಲು ಹಾಕಿಕೊಂಡು ನೆಟ್ಟಗೆ ಶಿಕ್ಷಕರ ಕೊಠಡಿಗೇ ನುಗ್ಗಿದಳು. ಆಕೆಯ ಗಂಡ ಗಡಿಯಾಚೆಯ ಅಬಿಜಾನ್‌ಗೆ ದುಡಿಯಲು ಹೋದವನು ಅಲ್ಲೇ ಬೇರೆ ಸಂಸಾರ ಹೂಡಿದ್ದ. ಎರಡೂ ಕಡೆಯ ಹಿರಿಯರು ಕೂತು ಇವಳ ಜೊತೆಗಿನ ಸಂಬಂಧ ಕಡಿದು ವರ್ಷಗಳೇ ಆಗಿದ್ದವು. ಯಾರ ಹಂಗೂ ಇಲ್ಲದೆ ಬದುಕಿದವಳ ದನಿ ಅವಳದು.

"ಭೌತಶಾಸ್ತ್ರದ ಮೇಷ್ಟ್ರು ಯಾರು?"

ಎಜೋವಾ ಎದ್ದ. "ನಾನೇ ಅಮ್ಮಾ."

"ಪ್ರಶ್ನೆ ಕೇಳು ಅಂತ ನಾನು ಫೀಸ್ ಕಟ್ಟಿ ಮಗಳನ್ನ ಕಳಿಸಿದ್ರೆ, ಕೇಳಿದ್ದಕ್ಕೆ ಮಳೇಲಿ ಹುಲ್ಲು ಕಡಿಸ್ತೀರಾ? ಉತ್ತರ ಗೊತ್ತಿಲ್ಲದ ತಪ್ಪು ಯಾರದು? ಅವಳದಾ?"

ಅವನು ಕಿಟಕಿಯಿಂದ ಹೊರಗೆ ನೋಡಿದ. ಅಂಗಳದಲ್ಲಿ ಯಾಬಾ ಬಾಗಿ ಕತ್ತಿ ಬೀಸುತ್ತಿದ್ದಳು. ಹೊರಗೆ ಹೋಗಿ, ಮೂಲೆಯಲ್ಲಿದ್ದ ಇನ್ನೊಂದು ಕತ್ತಿ ಎತ್ತಿಕೊಂಡು ಅವಳ ಪಕ್ಕದಲ್ಲಿ ಹುಲ್ಲು ಕಡಿಯಲು ಶುರುಮಾಡಿದ. "ಸಾರ್, ಬೇಡ ಸಾರ್" ಎಂದು ಹುಡುಗಿ ಅಳುವ ಹಾಗಾದಳು. ಹೆಡ್‌ಮಾಸ್ಟರು ವರಾಂಡಕ್ಕೆ ಬಂದು ನೋಡಿ, ಗಂಟಲು ಸರಿಮಾಡಿಕೊಂಡು ಒಳಗೆ ಹೋದರು. ಅಂಗಳ ಮುಗಿಯುವ ಹೊತ್ತಿಗೆ ಮೇಷ್ಟ್ರು ತೊಪ್ಪೆಯಾಗಿದ್ದ.

ಅಫೀಬಾ ಅಷ್ಟು ಹೊತ್ತೂ ಸೂರಿನಡಿ ನಿಂತಿದ್ದಳು. ಸಿಟ್ಟು ಅರ್ಧ ಇಳಿದಿತ್ತು. "ಬನ್ನಿ, ನನ್ನ ಒಲೆ ಹತ್ರ ಅಂಗಿ ಒಣಗಿಸ್ಕೊಳ್ಳಿ. ಜ್ವರ ಬಂದು ಮಲಗಿದ್ರೆ ಅದನ್ನೂ ನನ್ನ ಮಗಳ ತಲೆಗೇ ಕಟ್ತಾರೆ."

ಅವಳ ಒಲೆಮನೆ ತೆಂಗಿನ ತೋಪಿನ ಅಂಚಿನಲ್ಲಿ, ದೋಣಿಗಳನ್ನು ಎಳೆದಿಡುವ ಜಾಗಕ್ಕೆ ಹತ್ತಿರ. ದಪ್ಪ ಮಣ್ಣಿನ ಗೋಡೆ, ತಗಡಿನ ಮಾಡು, ಒಳಗೆ ಸೊಂಟದೆತ್ತರದ ಎರಡು ಮಣ್ಣಿನ ಒಲೆ. ಕೆಳಗೆ ಬೆಂಕಿ, ಮೇಲೆ ಒಂದರ ಮೇಲೊಂದು ಪೇರಿಸಿದ ತಂತಿಬಲೆಯ ತಟ್ಟೆಗಳು, ಅವುಗಳ ತುಂಬ ಮೀನು. ಎಜೋವಾ ಅಂಗಿ ಬಿಚ್ಚಿ ಬಿದಿರು ಗಳದ ಮೇಲೆ ಹರವಿ, ಬನಿಯನ್ನಿನಲ್ಲಿ ನಾಚಿಕೊಂಡು ಕೂತ. ಅಫೀಬಾ ಮರಗೆಣಸಿನ ರವೆ ಬೇಯಿಸಿದ ಅಚೆಕೆ ಮತ್ತು ಹುರಿದ ಮೀನು ಕೊಟ್ಟಳು. ತಿಂದು ಕೈ ತೊಳೆದು, ಒಣಗಿ ಬಿಸಿಯಾಗಿದ್ದ ಅಂಗಿಯನ್ನು ಗಳದಿಂದ ಸರಕ್ಕನೆ ಎಳೆದ. ಚಟಚಟ ಎಂದಿತು.

ಅವನು ಅಲ್ಲಾಡದೆ ನಿಂತ. ಅಂಗಿಯನ್ನು ಮತ್ತೆ ಗಳಕ್ಕೆ ಉಜ್ಜಿ ಎಳೆದ. ಮತ್ತೆ ಚಟಚಟ. ಮುಂಗೈಯ ರೋಮವೆಲ್ಲ ಅಂಗಿಯ ಕಡೆಗೆ ಎದ್ದು ನಿಂತಿತ್ತು.

"ಏನಾಯ್ತು? ಹುಳ ಕಚ್ತಾ?" ಎಂದಳು ಅಫೀಬಾ.

"ಇಲ್ಲಮ್ಮಾ... ಒಣಹವೆ" ಎಂದ. ಅಂಗಿಯ ಗುಂಡಿ ಹಾಕಿಕೊಳ್ಳದೆ ಮಳೆಯಲ್ಲೇ ಶಾಲೆಗೆ ಓಡಿದ. ಅರ್ಧ ದಾರಿಯಲ್ಲಿ ಅಂಗಿ ಮತ್ತೆ ನೆನೆದದ್ದು ಅವನ ಗಮನಕ್ಕೆ ಬರಲಿಲ್ಲ.

ಕೋಲು, ಬಟ್ಟೆ, ಜಾಡಿ ಎಲ್ಲ ಎತ್ತಿಕೊಂಡು, ದಾರಿಯಲ್ಲಿ ನನ್ನನ್ನೂ ಎಳೆದುಕೊಂಡು ವಾಪಸ್ಸು ಹೋದ. ಜಾಡಿಯೆಂದರೆ ಜ್ಯಾಮಿನ ಬಾಟಲಿ. ಬಾಯಿಗೆ ಮೇಣದ ಬಿರಡೆ, ಬಿರಡೆಯ ನಡುವೆ ತಾಮ್ರದ ತಂತಿ, ತಂತಿಯ ತುದಿಗೆ ಸಿಗರೇಟ್ ಪ್ಯಾಕಿನ ಬೇಗಡೆಯ ಎರಡು ಎಸಳು. ಎರಡಕ್ಕೂ ಒಂದೇ ಜಾತಿಯ ಆವೇಶ ಬಂದರೆ ಒಂದನ್ನೊಂದು ತಳ್ಳಿ ಅಗಲವಾಗಬೇಕು. ಮೊದಲು ಕೋಲು ಬೆಚ್ಚಗೆ ಮಾಡಿ ಉಜ್ಜಿದ. ಕಾಗದದ ಚೂರುಗಳು ಎದ್ದು ಕೋಲಿಗೆ ಅಂಟಿಕೊಂಡವು! ಯಾಬಾ ಚಪ್ಪಾಳೆ ತಟ್ಟಿದಳು. ಆದರೆ ಜಾಡಿಯ ಎಸಳುಗಳು ಮಾತ್ರ ಕೊಂಚ ಅರಳಿ, ಉಸಿರು ಬಿಟ್ಟವರ ಹಾಗೆ ತಕ್ಷಣ ಕೂಡಿಕೊಂಡವು. ಎಷ್ಟು ಸಲ ಮಾಡಿದರೂ ಅಷ್ಟೇ. ಕೊನೆಗೆ ಒಲೆಯ ಕಾವಿಗೆ ಮೇಣದ ಬಿರಡೆ ಕರಗಿ ತಂತಿಯೇ ಒಳಗೆ ಬಿತ್ತು.

"ನಿಮ್ಮ ಶಾಸ್ತ್ರ ಕರಗಿ ಹೋಯ್ತು ಮೇಷ್ಟ್ರೇ" ಎಂದು ಅಫೀಬಾ ನಕ್ಕಳು.

ಎರಡು ದಿನ ಅವನು ಊಟದ ಹೊತ್ತಿನಲ್ಲೂ ಪುಸ್ತಕ ಬಿಡಲಿಲ್ಲ. ಆಮೇಲೆ ಒಲೆಮನೆಗೆ ಬಂದು ಹೇಳಿದ: "ಜ್ವಾಲೆಯೇ ಕಳ್ಳ. ಬೆಂಕಿ ಗಾಳಿಯ ಕಣಗಳನ್ನ ಧನ, ಋಣ ಅಂತ ಒಡೀತದೆ. ಆ ಚೂರುಗಳು ಬಂದು ಬೇಗಡೆ ಮೇಲಿನ ಆವೇಶ ತೊಳೆದುಬಿಡ್ತವೆ. ಕಾವು ಬೇಕು, ಬೆಂಕಿ ಬೇಡ."

"ಕಳ್ಳನ್ನ ಹೊರಗೆ ಹಾಕೋಣ, ಬೇಡ ಅನ್ನಲ್ಲ" ಎಂದಳು ಅಫೀಬಾ, ಮೀನು ಮಗುಚುತ್ತ. "ಆದ್ರೆ ಈ ಮೀನು ಆಗೋವರೆಗೆ ಅವನು ನನ್ನ ಮನೆ ಆಳು. ನಿಮ್ಮ ಬೇಗಡೆಗೋಸ್ಕರ ನಾನು ಮೀನು ಕೊಳೆಸಲ್ಲ."

ವಾರದಲ್ಲಿ ಒಂದು ದಿನ ನಮ್ಮಲ್ಲಿ ದೋಣಿ ಕಡಲಿಗೆ ಇಳಿಯುವುದಿಲ್ಲ. ಅಂದು ಕಡಲಿಗೆ ಬಿಡುವು, ಒಲೆಗೂ ಬಿಡುವು. ಆ ಬೆಳಿಗ್ಗೆ ಅಫೀಬಾ ಉಳಿದ ಕೆಂಡವನ್ನೆಲ್ಲ ಗೋರಿ ಹೊರಗೆ ಹಾಕಿ ಬಾಗಿಲು ಮುಚ್ಚಿಟ್ಟಳು. ಮಣ್ಣಿನ ಗೋಡೆ ಮಧ್ಯಾಹ್ನದವರೆಗೂ ಕಾವು ಕಾರುತ್ತಿತ್ತು. ಎಜೋವಾ ಇಡೀ ತರಗತಿಯನ್ನು ಕರೆತಂದ. ಮೇಣದ ಬದಲು ಈ ಸಲ ಜಾಡಿಗೆ ಪ್ಲಾಸ್ಟಿಕ್ ಮುಚ್ಚಳ ಹಾಕಿದ್ದ. ನಾನು ನನ್ನ ಜೋಡಿ ಉಷ್ಣಮಾಪಕ ಒಳಗಿಟ್ಟು ನೋಡಿದೆ: ಒದ್ದೆಬಟ್ಟೆ ಸುತ್ತಿದ ಬುರುಡೆಗೂ ಒಣ ಬುರುಡೆಗೂ ನಡುವೆ ನಾನು ಆ ಊರಲ್ಲಿ ಎಂದೂ ಕಾಣದಷ್ಟು ಅಂತರ, ಎಂದರೆ ಅಷ್ಟು ಒಣಹವೆ. ಹೊರಗೆ ತಗಡಿನ ಮೇಲೆ ಮಳೆ ಬಾರಿಸುತ್ತಿತ್ತು.

ಮಕ್ಕಳೆಲ್ಲ ಒಟ್ಟಿಗೆ ನುಗ್ಗಿದಾಗ ಅವರ ಬೆವರಿಗೂ ಉಸಿರಿಗೂ ಎಸಳು ಮತ್ತೆ ಬಾಡಿತು. "ಎಲ್ಲ ಹೊರಗೆ! ಐದೈದು ಜನ ಬನ್ನಿ. ಒಳಗೆ ಯಾರೂ ಮಾತಾಡಬೇಡಿ, ಜೋರಾಗಿ ಉಸಿರೂ ಬಿಡಬೇಡಿ" ಎಂದ. ಮೊದಲ ಗುಂಪಿನಲ್ಲಿ ಯಾಬಾ. ಕೋಲು ಉಜ್ಜಿ ತಂತಿಯ ತಲೆಗೆ ಸವರಿದ. ಎಸಳುಗಳು ಚಿಟ್ಟೆಯ ರೆಕ್ಕೆಯ ಹಾಗೆ ಬಿಚ್ಚಿಕೊಂಡವು. ಕೋಲು ತೆಗೆದ. ಬಿಚ್ಚಿಕೊಂಡೇ ಇದ್ದವು.

ಪಾಠ ಮಾಡಬೇಕಾದವನೇ ಪಾಠ ಮರೆತಿದ್ದ. ಹಾಗೇ ನೋಡುತ್ತ ನಿಂತ. ಕೊನೆಗೆ ಯಾಬಾಳೇ ಪಿಸುಗುಟ್ಟಿದಳು: "ಸಾರ್, ಗಾಜಿನ ಕೋಲು ತನ್ನಿ. ಅದು ಬಂದ್ರೆ ಕೂಡ್ಕೊಬೇಕು ಅಂತ ಬರೆಸಿದ್ರಿ." ರೇಷ್ಮೆಗೆ ಉಜ್ಜಿದ ಗಾಜಿನ ಕೋಲು ಹತ್ತಿರ ತಂದ. ಎಸಳು ನಿಧಾನ ಕೂಡಿಕೊಂಡವು. ದೂರ ಒಯ್ದ, ಮತ್ತೆ ಅರಳಿದವು.

ಅವನು ರಾಫಿಯಾ ತಾಳೆಯ ದಂಟಿನ ಬೆಂಡಿನಿಂದ ಎರಡು ಪುಟ್ಟ ಚೆಂಡು ಮಾಡಿ, ಮೀನುಬಲೆಯ ನೈಲಾನ್ ದಾರದಲ್ಲಿ ತೂಗುಹಾಕಿದ್ದ. ಕೋಲು ಮುಟ್ಟಿಸಿದ್ದೇ, ಜಗಳವಾಡಿದ ಅಣ್ಣತಮ್ಮಂದಿರ ಹಾಗೆ ಎರಡೂ ದೂರ ಸರಿದು ಓರೆಯಾಗಿ ನಿಂತವು. ಒಣಗಿಸಿದ ಮರಗೆಣಸಿನ ರವೆಯ ಮೇಲೆ ಕೋಲು ಹಿಡಿದಾಗ ಕಾಳುಗಳು ಎಗರಿ ಅಂಟಿದವು, ಒಂದು ಕ್ಷಣ ಬಿಟ್ಟು ಸಿಡಿದು ನೆಲಕ್ಕೆ ಹಾರಿದವು. ಬಾಗಿಲಲ್ಲಿ ನಿಂತಿದ್ದ ಅಫೀಬಾ ತಡೆಯಲಾರದೆ ಒಳಗೆ ಬಂದಳು.

"ಅಷ್ಟು ಆಸೆಯಿಂದ ಬಂದು ಅಂಟಿದ್ದು ಯಾಕೆ ಹಾರಿ ಹೋಯ್ತು?"

"ಮುಟ್ಟಿದಾಗ ಕೋಲಿನ ಆವೇಶವೇ ಅದಕ್ಕೂ ಸ್ವಲ್ಪ ಹತ್ತಿತು. ಇಬ್ಬರದೂ ಒಂದೇ ಜಾತಿ ಆದಮೇಲೆ ತಳ್ಳಾಟ."

"ಮುಟ್ಟೋಕೆ ಮುಂಚೆ ಎಳೆದದ್ದು ಹೇಗೆ? ನಡುವೆ ದಾರ ಇಲ್ಲ, ಏನಿಲ್ಲ."

"ಕೈ ಚಾಚಿ" ಎಂದ. ಅವಳ ಮುಂಗೈಗೆ ತಾಗದಂತೆ ಒಂದು ಗೇಣು ಮೇಲೆ ಕೋಲು ಆಡಿಸಿದ. ಅವಳು ಹುಬ್ಬು ಗಂಟಿಕ್ಕಿದಳು.

"ಜೇಡರ ಬಲೆ ಸವರಿದ ಹಾಗಿದೆ."

"ಅದೇ ಕ್ಷೇತ್ರ. ಕೋಲಿನ ಸುತ್ತ ಬರೀ ಖಾಲಿ ಅಲ್ಲ. ಹತ್ತಿರ ಬಂದಷ್ಟೂ ಜೋರು, ದೂರ ಹೋದಷ್ಟೂ ಸಣ್ಣ. ಕಾಣೋದಿಲ್ಲ, ಆದ್ರೆ ಅಲ್ಲಿಟ್ಟ ವಸ್ತುವಿಗೆ ಗೊತ್ತಾಗ್ತದೆ."

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು, ಸ್ವಲ್ಪ ತಡವಾಗಿ. ಮಕ್ಕಳ ಕಣ್ಣಿಗೆ ಬೀಳುವ ಸಂಗತಿಗಳು ಪಾಠದಲ್ಲಿರುವಷ್ಟೇ ಅಲ್ಲ. ವಾರ ಕಳೆಯುವುದರೊಳಗೆ ಊರಲ್ಲಿ ಮಾತು ಹಬ್ಬಿತು.

ಒಬ್ಬ ಹುಡುಗನ ತಂದೆ ದೂರು ಕೊಟ್ಟ: ಮಗನ ಸಮವಸ್ತ್ರ ಮೀನು ನಾರುತ್ತಿದೆ, ಮೇಷ್ಟ್ರು ಪಾಠದ ನೆಪದಲ್ಲಿ ಒಂಟಿ ಹೆಂಗಸಿನ ಮನೆ ಸೇರುತ್ತಿದ್ದಾನೆ. ಹೆಡ್‌ಮಾಸ್ಟರು ಕೆಟ್ಟವರೇನಲ್ಲ, ಗಲಾಟೆಯೆಂದರೆ ಹೆದರುವವರು. "ಎಜೋವಾ, ಪರೀಕ್ಷೆಗೆ ಬರೀ ಲೆಕ್ಕ ಸಾಕು ಕಣಯ್ಯ, ಬಿಟ್ಟುಬಿಡು" ಎಂದರು. ಅವನು ಬಿಡಲಿಲ್ಲ, ಮುಂದಿನ ವರ್ಷವೂ ಒಲೆಮನೆಗೆ ಮಕ್ಕಳನ್ನು ಕರೆದೊಯ್ದ. ಆ ವರ್ಷದ ಕೊನೆಗೆ ವರ್ಗದ ಆದೇಶ ಬಂತು. ದೇಶದ ಇನ್ನೊಂದು ತುದಿ, ಉತ್ತರದ ನವ್ರೊಂಗೊ.

ಅಂದು ಅವನ ಜೊತೆ ನಾನೂ ಅಫೀಬಾಳಲ್ಲಿಗೆ ಹೋಗಿದ್ದೆ. ಅವಳು ಸೌದೆ ಒಡೆಯುತ್ತಿದ್ದಳು, ನಿಲ್ಲಿಸಲಿಲ್ಲ.

"ಒಣ ಊರಂತಲ್ಲ ಅದು. ನಿಮಗೆ ಬೇಕಾದ್ದೇ ಸಿಕ್ತು."

"ನನಗೆ ಅಲ್ಲಿ ಯಾರೂ ಇಲ್ಲ."

"ಇಲ್ಲಿ ಯಾರಿದ್ದಾರೆ?"

ಅವನು ನನ್ನ ಮುಖ ನೋಡಿದ. ನಾನು ಕಡಲ ಕಡೆ ನೋಡಿದೆ. ಅವಳು ಒಂದು ಬುಟ್ಟಿ ತುಂಬ ಹೊಗೆಮೀನು ಕಟ್ಟಿಕೊಟ್ಟು, "ಗಾಳಿಗಿಡಿ, ಬೂಸ್ಟು ಹಿಡಿಸ್ಬೇಡಿ" ಎಂದಳು. ಬಸ್ಸಿನಲ್ಲಿ ಕೂತಾಗ ಅವನು ಬುಟ್ಟಿಯನ್ನು ತೊಡೆಯ ಮೇಲೆಯೇ ಇಟ್ಟುಕೊಂಡಿದ್ದ.

ನವ್ರೊಂಗೊದಲ್ಲಿ ಜನವರಿಯ ಧೂಳುಗಾಳಿಗೆ ತುಟಿ ಒಡೆಯುತ್ತದೆ, ಬೆಡ್‌ಶೀಟು ಕೊಡವಿದರೆ ಕಿಡಿ ಹಾರುತ್ತದೆ. ಮೊದಲ ಪಾಠದ ದಿನ ಅವನು ಎದೆಯುಬ್ಬಿಸಿಕೊಂಡು ಕೋಲು ಉಜ್ಜಿ ಕಾಗದ ಹಾರಿಸಿದನಂತೆ. ಹುಡುಗರು ಮುಖ ಮುಖ ನೋಡಿಕೊಂಡರು. "ಇಷ್ಟೇನಾ ಸಾರ್? ಸ್ವೆಟರ್ ಬಿಚ್ಚಿದ್ರೆ ದಿನಾ ಇದೇ" ಎಂದ ಒಬ್ಬ. ರಜೆಗೆ ಬಂದಾಗ ಇದನ್ನು ಹೇಳಿಕೊಂಡು ಎಜೋವಾ ನಕ್ಕದ್ದೇ ನಕ್ಕದ್ದು. ಹುಡುಗರಿಗೆ ಬೆರಗಿಲ್ಲವೆಂದು ಅವನು ಅಲ್ಲಿ ಅಳತೆ ಹಿಡಿಸಿದ. ಸಜ್ಜೆಯ ದಂಟಿನ ಬೆಂಡಿನ ಚೆಂಡು ತೂಗಿಸಿ, ಹತ್ತಿರ ತಂದಾಗ ಎಷ್ಟು ಸರಿಯಿತು, ದೂರ ಒಯ್ದಾಗ ಎಷ್ಟು ಎಂದು ಅವರ ಕೈಯಲ್ಲೇ ಅಳೆಸಿದ. ದೂರ ಅರ್ಧವಾದರೆ ಬಲ ನಾಲ್ಕು ಪಟ್ಟು ಎಂದು ಹುಡುಗರೇ ಕಂಡುಹಿಡಿದು ಗದ್ದಲ ಮಾಡಿದರಂತೆ. ಒಳ್ಳೆಯ ಊರು, ಒಳ್ಳೆಯ ಮಕ್ಕಳು ಎನ್ನುತ್ತಿದ್ದ. ಆದರೂ ಪ್ರತಿ ರಜೆಗೆ ಎರಡು ದಿನ ಬಸ್ಸಿನಲ್ಲಿ ಕುಲುಕಿಕೊಂಡು ಬರುತ್ತಿದ್ದ. ಬಂದವನು ಮೊದಲು ನನ್ನ ಮನೆಗೆ ಬರುತ್ತಿರಲಿಲ್ಲ.

ಕೆಲವು ವರ್ಷ ಹೀಗೇ ನಡೆಯಿತು. ನಮ್ಮ ಹೆಡ್‌ಮಾಸ್ಟರು ನಿವೃತ್ತರಾದರು. ಭೌತಶಾಸ್ತ್ರಕ್ಕೆ ಬಂದ ಯಾರೂ ಈ ಮಳೆಯಲ್ಲಿ ನಿಲ್ಲಲಿಲ್ಲ. ಹೊಸ ಹೆಡ್‌ಮಾಸ್ಟರೇ ಎಜೋವಾನನ್ನು ಕೇಳಿ ಕರೆಸಿಕೊಂಡರು.

ವಾಪಸ್ಸು ಬಂದ ವಾರವೇ ಅವನು ನನ್ನನ್ನೂ, ಹೆಣ್ಣು ಕೇಳುವಾಗ ಕೊಡಬೇಕಾದ ಎರಡು ಬಾಟಲಿ ಮದ್ಯವನ್ನೂ ಹಿಡಿದುಕೊಂಡು ಅಫೀಬಾಳ ಸೋದರಮಾವ ಕಾಕು ಎಂಬ ಮುದುಕರ ಬಾಗಿಲು ತಟ್ಟಿದ. ಮುದುಕರು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು.

"ನೀನೇ ಅಲ್ವಾ ಹುಡುಗರನ್ನ ಕರ್ಕೊಂಡ್ ಬಂದು ನಮ್ಮ ಒಲೇಲಿ ಗಾಳಿ ಬೇಯಿಸಿದವನು?"

"ಹೌದು ಮಾವಾ."

"ಊರು ಮಾತಾಡಿಕೊಂಡ ಮೇಲೆ ಇಷ್ಟು ವರ್ಷ ಯಾಕೆ ತಡ ಮಾಡಿದೆ? ಮಾತು ಸುಳ್ಳಾಗ್ಲಿ ಅಂತಾನಾ?"

ನನಗೆ ನಗು ತಡೆಯಲಿಲ್ಲ. ಮುದುಕರು ಅಫೀಬಾಳನ್ನು ಕರೆದು ಮೂರು ಸಲ ಕೇಳಿದರು, ಈ ಮದ್ಯ ಕುಡಿಯಲೇ ಎಂದು. ಮೂರು ಸಲವೂ ಕುಡಿಯಿರಿ ಎಂದರೆ ಅವಳು ಮದುವೆಗೆ ಒಪ್ಪಿದಂತೆ. ಎರಡು ಸಲ "ಕುಡೀರಿ" ಎಂದಳು. ಮೂರನೇ ಸಲ ಎಜೋವಾನ ಕಡೆ ತಿರುಗಿ, "ಈ ಸಲ ವರ್ಗ ಆದ್ರೆ ನೀನು ಒಬ್ಬನೇ ಹೋಗು, ಒಲೆ ಹೊತ್ಕೊಂಡು ನಾನು ಬರಲ್ಲ, ಈಗ್ಲೇ ಹೇಳಿರ್ತೀನಿ" ಎಂದಳು. ಅವನನ್ನು ನೀನು ಎಂದದ್ದು ನಾನು ಕೇಳಿದ್ದು ಅದೇ ಮೊದಲು. ಅವನು, "ಹೋಗಲ್ಲ" ಎಂದ. ಆಮೇಲೆ ಅವಳು "ಕುಡೀರಿ ಮಾವಾ" ಎಂದಳು.

ಅವನು ನಿವೃತ್ತನಾಗುವವರೆಗೂ ಎರಡನೇ ವರ್ಷದ ಮಕ್ಕಳು ಕಡಲಿಗೆ ಬಿಡುವಿದ್ದ ದಿನ ಒಲೆಮನೆಗೆ ಹೋಗುತ್ತಿದ್ದರು. ಅಫೀಬಾ ಹಿಂದಿನ ದಿನವೇ ತಟ್ಟೆಗಳನ್ನು ತಿಕ್ಕಿಟ್ಟು, "ಮೀನಿನ ವಾಸನೆ ಬರ್ತದೆ ಅನ್ನೋ ಮಕ್ಕಳು ಹೊರಗೆ ನಿಂತು ಮಳೆ ವಾಸನೆ ತಗೊಳ್ಳಿ" ಎನ್ನುತ್ತಿದ್ದಳು. ಯಾಬಾ ಪರೀಕ್ಷೆಯಲ್ಲಿ ಭೌತಶಾಸ್ತ್ರಕ್ಕೆ ಸಾಧಾರಣ ಅಂಕ ತೆಗೆದು, ಸೂಲಗಿತ್ತಿಯ ಕೆಲಸ ಕಲಿತು, ಈಗ ತಾಕೊರಾಡಿಯಲ್ಲಿ ಇದ್ದಾಳೆ. ಹೋದ ತಿಂಗಳು ಬಂದಿದ್ದಳು. ಎಜೋವಾ ಜಗಲಿಯಲ್ಲಿ ಕೂತು ಹೆಂಡತಿಗಾಗಿ ತಟ್ಟೆಯ ತಂತಿ ಬಿಗಿಯುತ್ತಿದ್ದ.

"ಸಾರ್, ಆ ಇಕ್ಕಳ ಉಲ್ಟಾ ಹಿಡಿದಿದ್ದೀರಿ."

"ಇಷ್ಟು ವರ್ಷ ಆಯ್ತು, ಇನ್ನೂ ಸಾರ್ ಅಂತೀಯಲ್ಲ ಇವರನ್ನ" ಎಂದೆ ನಾನು.

"ಮತ್ತೇನನ್ಲಿ? ಅಪ್ಪ ಅನ್ನೋಕೆ ಹೋದ್ರೂ ಕ್ಲಾಸಲ್ಲಿದ್ದಂಗೆ ಎದ್ದು ನಿಂತ್ಕೋಬೇಕು ಅನ್ಸತ್ತೆ" ಎಂದು ಅವನ ಕೈಯಿಂದ ಇಕ್ಕಳ ಕಿತ್ತುಕೊಂಡು ತಾನೇ ತಂತಿ ಬಿಗಿದಳು. ಒಳಗಿನಿಂದ ಅಫೀಬಾ ಊಟಕ್ಕೆ ಕೂಗಿದಳು.